ಬೊಂಬಾನ ವಿಧವೆ

ನಮ್ಮ ಬೊಕಾ ಸೆಕಾದಲ್ಲಿ ಪ್ರತಿಯೊಬ್ಬರಿಗೂ ಎರಡು ಹೆಸರು. ಪಾದ್ರಿ ಇಟ್ಟಿದ್ದು ಒಂದು, ಊರು ಇಟ್ಟಿದ್ದು ಇನ್ನೊಂದು. ಪಾದ್ರಿಯ ಹೆಸರನ್ನು ಗುರುತಿನ ಚೀಟಿಯಲ್ಲಿ ಜೋಪಾನ ಮಾಡಿಟ್ಟು ಚುನಾವಣೆಗೆ ಮಾತ್ರ ಹೊರಗೆ ತೆಗೆಯುತ್ತೇವೆ. ಮಿಕ್ಕ ಬದುಕೆಲ್ಲ ಅಡ್ಡಹೆಸರಿನ ಮೇಲೆಯೇ ಸಾಗುತ್ತದೆ. ಯಾರಾದರೂ ಸತ್ತರೆ ಧ್ವನಿವರ್ಧಕ ಕಟ್ಟಿಕೊಂಡ ಗಾಡಿ ಬೀದಿ ಬೀದಿ ಸುತ್ತುತ್ತ ಮೊದಲು ಪಾದ್ರಿಯ ಹೆಸರನ್ನು ಕೂಗುತ್ತದೆ. ಆಗ ಯಾರೂ ತಲೆ ಎತ್ತುವುದಿಲ್ಲ. ಅದರ ಬೆನ್ನಿಗೇ ‘ಅಂದರೆ ನಮ್ಮೆಲ್ಲರ ಪ್ರೀತಿಯ ಮೊಣಕಾಲು’ ಎಂದು ಕೂಗಿದ ಮೇಲೆ ಹೆಂಗಸರು ಒಲೆ ಆರಿಸಿ ಅಳುತ್ತ ಹೊರಡುತ್ತಾರೆ. ಒಮ್ಮೆ ಪೊಲೀಸರು ವಾರಂಟ್ ಹಿಡಿದುಕೊಂಡು ಬಂದು, ಹಿಡಿಯಬೇಕಾದ ಮನುಷ್ಯನನ್ನೇ ಅವನ ವಿಳಾಸ ಕೇಳಿದ್ದರು. ಅಂಥವರು ಈ ಊರಲ್ಲಿಲ್ಲ ಎಂದು ಆತ ಪ್ರಾಮಾಣಿಕವಾಗಿಯೇ ಹೇಳಿದ. ಪೊಲೀಸರು ಅವನ ಮನೆಯಲ್ಲೇ ಕಾಫಿ ಕುಡಿದು ಹೋದರು.

ನನ್ನನ್ನು ಬಲಾನ್ಸಾ ಎನ್ನುತ್ತಾರೆ, ಅಂದರೆ ತಕ್ಕಡಿ. ಮೂಲೆಯ ದಿನಸಿ ಅಂಗಡಿ ನನ್ನದು. ಆ ಹೆಸರು ಯಾಕೆ ಬಂತೆಂಬುದರ ಬಗ್ಗೆ ಊರಿನಲ್ಲಿ ಒಂದು ಅಭಿಪ್ರಾಯವಿದೆ. ಅದು ಈ ಕಥೆಗೆ ಸೇರಿದ್ದಲ್ಲ.

ಈ ಕಥೆ ಬೊಂಬಾನದು. ಬೊಂಬಾ ಅಂದರೆ ಪಂಪು. ಪುರಸಭೆಯ ನೀರಿನ ಪಂಪನ್ನು ಆಯುಷ್ಯವಿಡೀ ನಡೆಸಿ ನಿವೃತ್ತನಾದವನು. ನಡೆಸಿ ಅನ್ನುವುದು ಸೌಜನ್ಯದ ಮಾತು. ನಮ್ಮಲ್ಲಿ ಕರೆಂಟು ಬರುವುದಕ್ಕಿಂತ ಹೋಗುವುದೇ ಹೆಚ್ಚು. ಕರೆಂಟಿಲ್ಲದೆ ಪಂಪಿಲ್ಲ, ಪಂಪಿಲ್ಲದೆ ನೀರಿಲ್ಲ. ಕರೆಂಟು ಬಂದ ಕ್ಷಣ ಗುಂಡಿ ಒತ್ತಲು ಮಾತ್ರ ಒಬ್ಬ ಮನುಷ್ಯ ಪಕ್ಕದಲ್ಲೇ ಕೂತಿರಬೇಕು. ಹಾಗೆ ಕೂತು ಕೂತು, ಸೊಳ್ಳೆ ಹೊಡೆದು ಹೊಡೆದು, ಬೊಂಬಾ ಒಂದು ಕಾದಂಬರಿ ಬರೆದ. ‘ಆಗರದ ವಿಧವೆ’ ಅಂತ. ನಮ್ಮ ಊರಾಚೆಯ ಉಪ್ಪಿನ ಆಗರದಲ್ಲಿ ದುಡಿಯುವ ಚೆಲುವೆ ವಿಧವೆಯೊಬ್ಬಳು ಮೂವರನ್ನು ಪ್ರೀತಿಸಿ, ಕೊನೆಯ ಅಧ್ಯಾಯದಲ್ಲಿ ಸಮುದ್ರದೊಳಗೆ ನಡೆದುಹೋಗುವ ಕಥೆ. ಆ ಮೂವರಲ್ಲಿ ಕೊನೆಯವನು, ಅವಳ ಮನಸ್ಸನ್ನು ನಿಜವಾಗಿ ಗೆದ್ದವನು, ಒಬ್ಬ ತರುಣ ಪಂಪ್ ಆಪರೇಟರು.

ಬೊಂಬಾನಿಗೆ ಜೀವನದಲ್ಲಿ ಇದ್ದಿದ್ದು ಒಂದೇ ಆಸೆ. ಈ ಊರಿನಲ್ಲಿ ಯಾರಾದರೂ ಒಬ್ಬರು ತನ್ನನ್ನು ಪೂರ್ತಿ ಹೆಸರಿನಿಂದ ಕರೆಯಬೇಕು. ಅದಕ್ಕೇ ಕಾದಂಬರಿಯಲ್ಲಿ ಒಂದೇ ಒಂದು ಅಡ್ಡಹೆಸರನ್ನೂ ಅವನು ಬಿಟ್ಟುಕೊಳ್ಳಲಿಲ್ಲ. ನಾಯಕಿ ಪ್ರತಿ ಪುಟದಲ್ಲೂ ‘ಅರ್ಸೇನಿಯಾ ವಿಯಾಮಾನ್ ಪಿಚಾರ್ದೊ’. ಅವಳ ಕತ್ತೆಗೂ ಮನೆತನದ ಹೆಸರಿತ್ತು. ರಕ್ಷಾಪುಟದ ಮೇಲೆ ದಪ್ಪಕ್ಷರದಲ್ಲಿ ‘ಎಲಿಹಿಯೊ ರೊಸೆಂದೊ ತಾವಾರೆಸ್’ ಎಂದು ಅಚ್ಚು ಹಾಕಿಸಿ ಮನೆಮನೆಗೆ ಹಂಚಿದ. ಜನ ಪುಸ್ತಕವನ್ನು ತಿರುಗಿಸಿ ನೋಡಿ, ‘ಯಾರಪ್ಪ ಇವನು, ನಿನ್ನ ನೆಂಟನಾ?’ ಎಂದರು.

‘ನಾನೇ ಕಣ್ರೋ.’

‘ನೀನು ಬೊಂಬಾ ಅಲ್ವಾ?’

ವಾದ ಅಲ್ಲಿಗೆ ಮುಗಿಯುತ್ತಿತ್ತು. ಬೊಂಬಾ ಯಾರೋ ರಾಜಧಾನಿಯವನ ಪುಸ್ತಕವನ್ನು ಪುಕ್ಕಟೆ ಹಂಚುತ್ತಿದ್ದಾನೆ ಎಂದು ಊರು ತೀರ್ಮಾನ ಮಾಡಿಕೊಂಡಿತು. ನನಗೆ ಮಾತ್ರ ನಿಜ ಗೊತ್ತಿತ್ತು, ಯಾಕೆಂದರೆ ನಾವಿಬ್ಬರೂ ಕೊಂಪಾದ್ರೆಗಳು. ನನ್ನ ಮಗಳಿಗೆ ದೀಕ್ಷಾಸ್ನಾನದಲ್ಲಿ ಧರ್ಮತಂದೆಯಾಗಿ ನಿಂತವನು ಅವನು. ಆ ಸಲುಗೆಯಿಂದ ನನಗೆ ಬೇರೆಯವರಿಗಿಂತ ಹೆಚ್ಚು ಪ್ರತಿ ಕೊಟ್ಟಿದ್ದ. ಒಂದನ್ನು ಫ್ರಿಜ್ಜಿನ ಕಾಲಿಗೆ ಕೊಟ್ಟೆ. ಉಳಿದವುಗಳಲ್ಲಿ ಚೀಸು ಸುತ್ತುತ್ತಿದ್ದೆ. ಕಾಗದ ಒಳ್ಳೆಯದಿತ್ತು, ಎಣ್ಣೆ ಸೋರುತ್ತಿರಲಿಲ್ಲ.

ಸಾಹಿತ್ಯಕ್ಕೆ ನನ್ನ ಸೇವೆ ಏನೆಂದು ಯಾರಾದರೂ ಕೇಳಿದರೆ ನಾನು ಈ ಚೀಸನ್ನೇ ತೋರಿಸುವವನು. ಒಂದು ಮಧ್ಯಾಹ್ನ ರಾಜಧಾನಿಯ ದೊಡ್ಡ ಜೀಪೊಂದು ಅಂಗಡಿಯ ಮುಂದೆ ನಿಂತಿತು. ಟೊಪ್ಪಿಗೆ ಹಾಕಿಕೊಂಡ ಹುಡುಗಿಯೊಬ್ಬಳು ಇಳಿದು ಕರಿದ ಚೀಸು ಕೇಳಿದಳು. ಐವತ್ತೇಳನೇ ಪುಟದಲ್ಲಿ ಸುತ್ತಿ ಕೊಟ್ಟೆ. ಜೀಪಿನಲ್ಲಿ ಕೂತು ತಿಂದವಳು ಇಳಿದು ಮತ್ತೆ ಬಂದಳು. ಕೈಯಲ್ಲಿ ಆ ಕಾಗದವನ್ನು ಬಿಡಿಸಿ ಹಿಡಿದಿದ್ದಳು.

‘ಇದರ ಮುಂದಿನ ಪುಟ ಇದೆಯಾ?’

‘ಇನ್ನೊಂದು ಪ್ಲೇಟ್ ತಗೊಂಡ್ರೆ ಸಿಗತ್ತೆ’ ಎಂದೆ. ವ್ಯಾಪಾರ ವ್ಯಾಪಾರವೇ.

ಅವಳ ಹೆಸರು ಇಬೆಲೀಸ್. ಸಿನಿಮಾ ಮಾಡುವವಳು. ಉಪ್ಪಿನ ಆಗರ ಚಿತ್ರೀಕರಣಕ್ಕೆ ಒಗ್ಗುತ್ತದೆಯೇ ನೋಡಲು ಬಂದವಳು, ಈಗ ಆಗರದ ಜೊತೆಗೆ ಕಥೆಯೂ ಸಿಕ್ಕಿತೆಂದು ಕುಣಿಯತೊಡಗಿದಳು. ಫ್ರಿಜ್ಜಿನ ಕಾಲಡಿಯ ಪ್ರತಿಯನ್ನು ಎಳೆಸಿಕೊಂಡು, ರಕ್ಷಾಪುಟ ನೋಡಿ, ಎಲಿಹಿಯೊ ರೊಸೆಂದೊ ತಾವಾರೆಸ್ ಎಲ್ಲಿ ಸಿಗುತ್ತಾರೆ ಎಂದು ಕೇಳಿದಳು. ಅಭ್ಯಾಸಬಲದಿಂದ ‘ಅಂಥವರು ಇಲ್ಲಿ ಯಾರೂ ಇಲ್ಲಮ್ಮ’ ಎಂದೆ. ಅಷ್ಟರಲ್ಲಿ ನನ್ನ ಬೆನ್ನ ಹಿಂದೆ ಖಾಲಿ ಸೀಸೆಯ ಪೆಟ್ಟಿಗೆಯ ಮೇಲೆ ಕೂತಿದ್ದ ಬೊಂಬಾ ಎದ್ದು ನಿಂತ. ಕಣ್ಣಲ್ಲಿ ನೀರಿತ್ತು.

‘ದೊನ್ ಎಲಿಹಿಯೊ, ಒಂದೇ ಒಂದು ಮಾತು ಕೇಳ್ತೀನಿ’ ಎಂದಳು ಇಬೆಲೀಸ್, ಹೆಸರಿಗೆ ಮರ್ಯಾದೆಯ ದೊನ್ ಹಚ್ಚಿ. ‘ಈ ಅರ್ಸೇನಿಯಾ ನಿಜವಾಗಿ ಇದ್ದೋಳಾ, ಇಲ್ಲಾ ನೀವು ಹುಟ್ಟಿಸಿದ್ದಾ?’

‘ಅದೂ... ಯಾವುದಾದ್ರೆ ಒಳ್ಳೇದು?’

‘ಹುಟ್ಟಿಸಿದ್ದಾದ್ರೆ ಕಷ್ಟ. ದುಡ್ಡು ಹಾಕೋರಿಗೆ ಹೆಸರು ಬರೋ ಕಡೆ ಮೊದಲ ಸಾಲಲ್ಲೇ ನಿಜ ಘಟನೆ ಅಂತ ಇರ್ಬೇಕು. ಇಲ್ದಿದ್ರೆ ಸಿನಿಮಾನೇ ಇಲ್ಲ. ನಿಜವಾದ್ರೆ, ಆ ಸಾಲಿನ ಹಿಂದೇನೇ ನಿಮ್ಮ ಹೆಸರು. ಪರದೆ ತುಂಬ.’

‘ಪೂರ್ತಿ ಹೆಸರಾ?’

‘ಪೂರ್ತಿ.’

‘ಇದ್ಲು’ ಎಂದ ಬೊಂಬಾ. ‘ನಾನೇ ಬಲ್ಲೆ.’ ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಜೀವಮಾನದಲ್ಲಿ ಸಿಕ್ಕ ಮೊದಲನೇ ಓದುಗಾರ್ತಿಯ ಮುಂದೆ ಯಾವ ಲೇಖಕ ತಾನೇ ಸಮಯಕ್ಕೆ ಸರಿಯಾಗಿ ನಿಲ್ಲಿಸಿದ್ದಾನೆ? ‘ಚೆನ್ನಾಗಿ ಬಲ್ಲೆ’ ಎಂದು ಸೇರಿಸಿದ.

ನನ್ನ ಅಂಗಡಿಯ ಮುಂದೆ ಬಾದಾಮಿ ಮರದ ಕೆಳಗೆ ಡಾಮಿನೋ ಮೇಜಿದೆ. ಊರಿನ ನಿಜವಾದ ಪುರಸಭೆ ಅದು. ಇಬೆಲೀಸ್ ಅತ್ತ ತಿರುಗಿ, ಅರ್ಸೇನಿಯಾ ವಿಯಾಮಾನ್ ಪಿಚಾರ್ದೊ ಎಂಬುವವರು ನಿಮಗೆ ಯಾರಿಗಾದರೂ ಗೊತ್ತೇ ಎಂದಳು. ಬೇರೆ ಊರಾಗಿದ್ದರೆ ಇಲ್ಲ ಎಂದು ಆಟಕ್ಕೆ ಮರಳುತ್ತಿದ್ದರು, ಈ ಕಥೆಯೂ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನಮಗೆ ಯಾರ ಪಾದ್ರಿ ಹೆಸರು ತಾನೇ ಗೊತ್ತು? ಗೊತ್ತಿಲ್ಲ ಅಂದರೆ ಇರಲಿಲ್ಲ ಅಂತ ಅರ್ಥವಲ್ಲ. ಯಾರೋ ಗೊತ್ತಿದ್ದವಳೇ ಆಗಿರಬೇಕು.

ಬೇಕರಿಯವನು ಕೈಯಲ್ಲಿದ್ದ ಕಾಯಿಗಳನ್ನು ಕೆಳಗಿಟ್ಟ. ಅವನು ಕೊರ್ಬಾತಾ, ಅಂದರೆ ಟೈ. ತನ್ನ ಮದುವೆಗೆ ಟೈ ಕಟ್ಟಿದ ಅಪರಾಧಕ್ಕೆ ಬಂದ ಹೆಸರು. ಮನೆತನ ಮಾತ್ರ ವಿಯಾಮಾನ್.

‘ವಿಯಾಮಾನ್ ಅಂದ್ರೆ ನಮ್ಮೋಳೇ ಆದ್ಲಲ್ಲ’ ಎಂದ ನಿಧಾನವಾಗಿ. ‘ನಮ್ಮ ಅಜ್ಜನ ತಂಗಿ ಒಬ್ಳಿದ್ಲು. ಲಾ ಗಾತಾ ಅಂತ ಕರೀತಿದ್ರು, ಬೆಕ್ಕು. ಅವಳ ಖರೆ ಹೆಸರು ನಮ್ಮ ಮನೇಲೇ ಯಾರಿಗೂ ಗೊತ್ತಿರ್ಲಿಲ್ಲ. ಅರ್ಸೇನಿಯಾನೇ ಇರ್ಬೇಕು. ಮುಖ ನೋಡಿದ್ರೇ ಅರ್ಸೇನಿಯಾ ಥರ ಇದ್ಲು.’

‘ಉಪ್ಪು ಮಾಡ್ತಿದ್ರಾ?’ ಎಂದಳು ಇಬೆಲೀಸ್.

‘ಊಟಕ್ಕೆ ಹಾಕ್ತಿದ್ಲು’ ಎಂದ ಕೊರ್ಬಾತಾ.

ಸಂಜೆಯೊಳಗೆ ಮೇಯರರೇ ಓಡಿ ಬಂದರು. ಅವರ ತಾಯಿಯ ಕಡೆ ಪಿಚಾರ್ದೊ. ಬೇಕರಿಯವನ ಮನೆಯಲ್ಲಿ ಬೆಕ್ಕು ಹುಟ್ಟಿರಬಹುದು, ಸಿನಿಮಾ ನಾಯಕಿ ಹುಟ್ಟುವುದು ಸಾಧ್ಯವಿಲ್ಲ, ಅರ್ಸೇನಿಯಾ ತಮ್ಮ ಚಿಕ್ಕಜ್ಜಿ ಎಂದು ಘೋಷಿಸಿದರು. ಅವಳ ನೆನಪಿಗಾಗಿ ಚೌಕದಲ್ಲಿ ಪ್ರತಿಮೆ ನಿಲ್ಲಿಸುವ ಠರಾವನ್ನು ಅಲ್ಲೇ ಡಾಮಿನೋ ಮೇಜಿನ ಮೇಲೆ ಪಾಸು ಮಾಡಿದರು. ಕೊರ್ಬಾತಾ ಇಬೆಲೀಸಳನ್ನು ಸ್ಮಶಾನಕ್ಕೆ ಕರೆದೊಯ್ದು ಅಕ್ಷರ ಸವೆದ ಒಂದು ಸಮಾಧಿ ತೋರಿಸಿದ. ಮರುದಿನ ಮೇಯರರು ಇನ್ನೊಂದು ತೋರಿಸಿದರು. ಅದರ ಸಿಮೆಂಟು ಬೆರಳಿಗೆ ಅಂಟುತ್ತಿತ್ತು.

‘ಆದ್ರೆ ಪುಸ್ತಕದಲ್ಲಿ ಅವಳು ಸಮುದ್ರಕ್ಕೆ ಹೋದ್ಲು, ಹೆಣ ಸಿಗ್ಲಿಲ್ಲ ಅಂತಿದೆ’ ಎಂದಳು ಇಬೆಲೀಸ್.

‘ಹೆಣ ಸಿಗದಿದ್ರೆ ಸಮಾಧಿ ಇರ್ಬಾರ್ದು ಅಂತ ಕಾನೂನಿದ್ಯೇನಮ್ಮ?’ ಎಂದರು ಮೇಯರರು.

ಬೊಂಬಾ ಈ ಎರಡೂ ಸಮಾಧಿಗಳ ಮುಂದೆ ಟೊಪ್ಪಿಗೆ ತೆಗೆದು ನಿಂತ. ಎರಡನ್ನೂ ಒಪ್ಪಲಾರ, ಎರಡನ್ನೂ ಅಲ್ಲಗಳೆಯಲಾರ. ಊರಿನ ಪ್ರಕಾರ ಅವನು ಪ್ರತ್ಯಕ್ಷ ಸಾಕ್ಷಿ. ಅರ್ಸೇನಿಯಾಳನ್ನು ಕಂಡವನು ಬೊಂಬಾ, ಅವನ ಬಾಯಿಂದ ಕೇಳಿ ಬರೆದುಕೊಂಡವನು ಯಾರೋ ರಾಜಧಾನಿಯ ಪಂಡಿತ ಎಂದು ಎಲ್ಲರೂ ನಂಬಿದ್ದರು. ಬರೆದವನೂ ನಾನೇ ಎಂದು ಬೊಂಬಾ ಹೇಳಹೊರಟರೆ, ‘ಇರೋದು ಸಾಲ್ದಾ ನಿಂಗೆ?’ ಎಂದು ಗದರುತ್ತಿದ್ದರು.

ಇಷ್ಟು ಹೊತ್ತೂ ನಾನು ಬೊಂಬಾನ ಹೆಂಡತಿಯ ಮಾತೆತ್ತಿಲ್ಲ. ಬೊಂಬಾನೂ ಎತ್ತಿರಲಿಲ್ಲ, ಅದೇ ಅವನು ಮಾಡಿದ ತಪ್ಪು. ದೊನ್ಯಾ ಮೊನ್ಚಾ ಗಂಡನ ಕಾದಂಬರಿಯನ್ನು ಓದಿರಲಿಲ್ಲ. ಮನೆಯಲ್ಲಿ ಅವನು ಬಾಯಲ್ಲಿ ಹೇಳುವುದನ್ನು ಕೇಳಿಸಿಕೊಳ್ಳುವುದೇ ಬೇಕಾದಷ್ಟಾಗಿದೆ ಎಂಬುದು ಅವಳ ವಾದವಾಗಿತ್ತು. ಅಂಗಡಿಯ ಎದುರಿಗೇ ಯುಬೆರ್ಕಿಸಳ ಬ್ಯೂಟಿ ಪಾರ್ಲರು. ಶನಿವಾರ ಊರಿನ ಹೆಂಗಸರೆಲ್ಲ ತಲೆಗೆ ರೋಲರು ಸುತ್ತಿಕೊಂಡು, ಹೇರ್ ಡ್ರೈಯರುಗಳ ಕೆಳಗೆ ಸಾಲಾಗಿ ಕೂತಿದ್ದರು. ಸಿನಿಮಾ ಆಗುವ ಪುಸ್ತಕವೆಂದು ಯುಬೆರ್ಕಿಸ್ ಅದನ್ನು ಗಟ್ಟಿಯಾಗಿ ಓದುತ್ತಿದ್ದಳು. ಡ್ರೈಯರುಗಳ ಗದ್ದಲದಲ್ಲಿ ಯಾರಿಗೂ ಏನೂ ಕೇಳಿಸುತ್ತಿರಲಿಲ್ಲ. ಕೊನೆಯ ಅಧ್ಯಾಯಕ್ಕೆ ಬಂದಾಗ ಕರೆಂಟು ಹೋಯಿತು.

ಆ ನಿಶ್ಶಬ್ದದಲ್ಲಿ ಯುಬೆರ್ಕಿಸಳ ಧ್ವನಿ ನನ್ನ ಅಂಗಡಿಯವರೆಗೂ ಸ್ಪಷ್ಟವಾಗಿ ಬಂತು: ‘ಪಂಪಿನ ಮನೆಯ ಕತ್ತಲಲ್ಲಿ ಅವಳು ಅವನ ಎಣ್ಣೆ ಮೆತ್ತಿದ ಕೈಯನ್ನು ಎದೆಗೊತ್ತಿಕೊಂಡು, ಕರೆಂಟು ಎಂದಿಗೂ ಬಾರದಿರಲಿ ಎಂದಳು.’

ರೋಲರು ಸುತ್ತಿದ ತಲೆಗಳೆಲ್ಲ ಒಟ್ಟಿಗೆ ಮೊನ್ಚಾಳತ್ತ ತಿರುಗಿದವು. ಅವಳು ಎದ್ದು, ಹೆಗಲ ಮೇಲಿನ ಟವೆಲನ್ನು ಮಡಿಸಿಟ್ಟು, ರೋಲರಿನ ಸಮೇತ ರಸ್ತೆ ದಾಟಿ ಬಂದಳು. ಬೊಂಬಾ ಪೆಟ್ಟಿಗೆಯ ಮೇಲೆ ಕೂತು ತಣ್ಣಗೆ ಸೋಡಾ ಕುಡಿಯುತ್ತಿದ್ದ.

‘ಮೂವತ್ತು ವರ್ಷ’ ಎಂದಳು. ‘ಕರೆಂಟಿಲ್ಲ ಮೊನ್ಚಾ, ಬರೋ ತನಕ ಪಂಪಿನ ಹತ್ರ ಇರ್ಬೇಕು, ನೀನು ಊಟ ಮಾಡಿ ಮಲ್ಕೊ. ಮೂವತ್ತು ವರ್ಷ ನಾನು ಕರೆಂಟು ಕಂಪನಿಗೆ ಶಾಪ ಹಾಕ್ದೆ. ಪಾಪ, ಅವರದೇನೂ ತಪ್ಪಿರ್ಲಿಲ್ಲ.’

‘ಮೊನ್ಚಾ, ಅದು ಕಥೆ ಕಣೇ.’

‘ಆ ಹುಡುಗಿ ಮುಂದೆ ನಾನು ಬಲ್ಲೆ, ಚೆನ್ನಾಗಿ ಬಲ್ಲೆ ಅಂದ್ಯಂತೆ. ಬಲಾನ್ಸಾ, ಅಂದ್ನಾ ಇಲ್ವಾ?’

ತಕ್ಕಡಿಯ ಹೆಸರಿಟ್ಟುಕೊಂಡವನು ಎರಡೂ ಕಡೆ ಸಮನಾಗಿ ತೂಗಬೇಕು. ಅಕ್ಕಿ ಅಳೆಯುವುದಿದೆ ಎಂದು ಒಳಗೆ ಹೋದೆ.

ಆವತ್ತಿನಿಂದ ಬೊಂಬಾನ ತೂಗುಕುರ್ಚಿ ಮನೆಯ ಹೊರಗೆ ಬಂತು, ಜಾಲರಿ ಬಾಗಿಲಿಗೆ ಒಳಗಿನಿಂದ ಬೀಗ ಬಿತ್ತು. ಬೆಳಿಗ್ಗೆ ಜಾಲರಿಯ ಸಂದಿಯಿಂದ ಒಂದು ತಟ್ಟೆ ಹೊರಗೆ ಬರುತ್ತಿತ್ತು. ತಟ್ಟೆಯಲ್ಲಿ ಬೇಯಿಸಿ ಕಿವುಚಿದ ಬಾಳೆಕಾಯಿಯ ಮಾಂಗೂ ಇರುತ್ತಿತ್ತು, ಮೇಲೆ ಹುರಿದ ಈರುಳ್ಳಿ ಇರುತ್ತಿರಲಿಲ್ಲ. ಈರುಳ್ಳಿಯಿಲ್ಲದ ಮಾಂಗೂವನ್ನು ನಮ್ಮಲ್ಲಿ ಜೈಲಿನಲ್ಲೂ ಕೊಡುವುದಿಲ್ಲ.

‘ಒಂದೇ ದಾರಿ’ ಎಂದಳಂತೆ ಮೊನ್ಚಾ ಜಾಲರಿಯ ಹಿಂದಿನಿಂದ. ‘ಅವಳು ಇರಲೇ ಇಲ್ಲ ಅಂತ ಊರೆಲ್ಲರ ಮುಂದೆ ಹೇಳು. ಹೇಳಿ ಒಳಗೆ ಬಾ.’

‘ಹೇಳಿದ್ರೆ ಸಿನಿಮಾ ಹೋಗತ್ತೆ ಮೊನ್ಚಾ. ನನ್ನ ಹೆಸರು, ಪರದೆ ತುಂಬ...’

‘ಹೇಳದಿದ್ರೆ ನಾನು ನಮ್ಮಕ್ಕನ ಮನೆಗೆ ಹೋಗ್ತೀನಿ. ನೀನು ನಿನ್ನ ಹೆಸರು ಇಬ್ರೂ ಆರಾಮಾಗಿ ಸಂಸಾರ ಮಾಡ್ಕೊಳ್ಳಿ.’

ಬೊಂಬಾ ನನ್ನ ಉಗ್ರಾಣದಲ್ಲಿ ಅಕ್ಕಿ ಮೂಟೆಗಳ ನಡುವೆ ಮಲಗತೊಡಗಿದ. ಮಲಗುತ್ತಿದ್ದ ಅನ್ನುವುದಕ್ಕಿಂತ ಹೊರಳುತ್ತಿದ್ದ. ‘ಕೊಂಪಾದ್ರೆ, ನಾನೇ ಹುಟ್ಟಿಸಿದ ಹೆಂಗಸು ನನ್ನನ್ನ ಮನೆಯಿಂದ ಹೊರಗೆ ಹಾಕಿದ್ಲಲ್ಲ’ ಎಂದ. ಹೆಂಗಸರನ್ನು ಹುಟ್ಟಿಸುವಾಗ ಸ್ವಲ್ಪ ಕುರೂಪಿಯಾಗಿ ಹುಟ್ಟಿಸಬೇಕಿತ್ತು ಎಂದೆ. ಸ್ನೇಹಿತ ಅಂದಮೇಲೆ ಸಮಾಧಾನ ಹೇಳಬೇಕಲ್ಲ.

ಸಮಾಧಿ ಜಗಳ ಕೈ ಕೈ ಮಿಲಾಯಿಸುವ ಹಂತಕ್ಕೆ ಬಂದಾಗ ದೊನ್ಯಾ ಫೆಫಾ ನಡುವೆ ಬಂದಳು. ಊರಿನಲ್ಲಿ ಯಾರು ಸತ್ತರೂ ಜಪಸರ ಹಿಡಿದು ಪ್ರಾರ್ಥನೆ ನಡೆಸುವವಳು ಅವಳೇ. ಹೆಣ ಸಿಗಲಿಲ್ಲ ಅಂದಮೇಲೆ ಒಂಬತ್ತು ದಿನದ ಪ್ರಾರ್ಥನೆಯೂ ನಡೆದಿಲ್ಲ, ಅದು ನಡೆಯದ ಆತ್ಮ ಮನೆ ಸಿಗದೆ ಅಲೆಯುತ್ತಿರುತ್ತದೆ, ಎರಡು ಸಮಾಧಿ ಇದ್ದರಂತೂ ಯಾವುದಕ್ಕೆ ಹೋಗಬೇಕೆಂದು ತಿಳಿಯದೆ ಇನ್ನಷ್ಟು ಅಲೆಯುತ್ತದೆ ಎಂದಳು. ಕೊರ್ಬಾತಾ ರೊಟ್ಟಿ ಬಿಸ್ಕತ್ತು ಕೊಡಲು ಒಪ್ಪಿಕೊಂಡ. ಮೇಯರರು ತಮ್ಮ ಅಂಗಳ ಬಿಟ್ಟುಕೊಟ್ಟರು. ಹೀಗೆ ಹುಟ್ಟದೇ ಇದ್ದ ಹೆಂಗಸಿಗೆ ನಾವು ಶ್ರದ್ಧೆಯಿಂದ ಒಂಬತ್ತು ದಿನ ಪ್ರಾರ್ಥನೆ ಮಾಡಿದೆವು. ಹುಟ್ಟಿ ಸತ್ತ ನನ್ನ ಮಾವನಿಗೆ ಅರ್ಧ ಜನವೂ ಬಂದಿರಲಿಲ್ಲ.

ಕೊನೆಯ ದಿನ ಮೇಯರರ ಅಂಗಳದಲ್ಲಿ ಟಾರ್ಪಾಲಿನ ಕೆಳಗೆ ಊರೇ ನೆರೆದಿತ್ತು. ಕುರ್ಚಿಗಳನ್ನು ಮನೆಮನೆಯಿಂದ ಹೊತ್ತು ತಂದಿದ್ದರು. ಶುಂಠಿ ಕಷಾಯ ಕುದಿಯುತ್ತಿತ್ತು. ವಿಯಾಮಾನ್ ಹೆಂಗಸರು ಒಂದು ಕಡೆ, ಪಿಚಾರ್ದೊ ಹೆಂಗಸರು ಇನ್ನೊಂದು ಕಡೆ ಕೂತು ಪೈಪೋಟಿಯಲ್ಲಿ ಅಳುತ್ತಿದ್ದರು. ಒಂದು ಕಡೆಯವರು ನೀರು ಕುಡಿಯಲು ನಿಲ್ಲಿಸಿದರೆ ಇನ್ನೊಂದು ಕಡೆಯವರು ಮುಂದಾಗುತ್ತಿದ್ದರು. ಇಬೆಲೀಸ್ ಕ್ಯಾಮೆರಾ ನಿಲ್ಲಿಸಿಕೊಂಡು ಧನ್ಯಳಾಗಿದ್ದಳು. ಪ್ರತ್ಯಕ್ಷ ಸಾಕ್ಷಿಯೆಂದು ಬೊಂಬಾನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದ್ದರು. ಕುರ್ಚಿ ಅವನ ಮನೆಯದೇ. ಅದರ ಮೇಲೆ ಕೂರುವ ಹಕ್ಕು ಅವನಿಗೆ ಈಗ ಇಲ್ಲಿ ಮಾತ್ರವಿತ್ತು.

ಪ್ರಾರ್ಥನೆ ಶುರುವಾಗುವ ಮುಂಚೆ, ಕೊನೆಯ ದಿನ ಆತ್ಮವನ್ನು ಹೆಸರು ಹಿಡಿದು ಕರೆಯಬೇಕೆಂದು ಫೆಫಾ ಒಂದು ತೊಡಕು ತೆಗೆದಳು.

‘ಪಾದ್ರಿ ಇಟ್ಟ ಹೆಸರು ದೇವರಿಗೆ ಗೊತ್ತಿರತ್ತೆ, ಸರಿ. ಸತ್ತೋಳಿಗೆ ಗೊತ್ತಿರ್ಬೇಕಲ್ಲ? ಅರ್ಸೇನಿಯಾ ಬಾರಮ್ಮ ಅಂದ್ರೆ, ಬೇರೆ ಯಾರನ್ನೋ ಕರೀತಿದಾರೆ ಅಂತ ಅಲ್ಲೇ ಕೂತಿರ್ತಾಳೆ. ಬೊಂಬಾ, ಅವಳನ್ನ ಏನಂತ ಕರೀತಿದ್ರೋ?’

‘ಅವಳಿಗೆ ಅಡ್ಡಹೆಸರು ಇರ್ಲಿಲ್ಲ’ ಎಂದ ಬೊಂಬಾ.

ಅಂಗಳದಲ್ಲಿ ಗುಜುಗುಜು ಎದ್ದಿತು. ಮೂವರು ಪ್ರಿಯಕರರಿದ್ದರು ಅಂದಾಗ ಯಾರಿಗೂ ಏನೂ ಅನಿಸಿರಲಿಲ್ಲ. ಅಡ್ಡಹೆಸರಿಲ್ಲದ ಹೆಂಗಸು ಅಂದಾಗ ಮಾತ್ರ ಎಲ್ಲರೂ ಶಿಲುಬೆಯ ಗುರುತು ಮಾಡಿಕೊಂಡರು. ‘ಲಾ ಗಾತಾ’ ಎಂದ ಕೊರ್ಬಾತಾ. ‘ಗಾತಾ ಅಲ್ಲ’ ಎಂದರು ಮೇಯರರು. ಅದೇ ಹೊತ್ತಿಗೆ ದೊನ್ಯಾ ಮೊನ್ಚಾ ಅಂಗಳದೊಳಗೆ ಬಂದಳು. ತಲೆ ಬಾಚಿಸಿಕೊಂಡಿದ್ದಳು, ಹಳದಿ ಉಡುಪು ತೊಟ್ಟಿದ್ದಳು, ಕೈಯಲ್ಲಿ ಒಂದು ಸಣ್ಣ ಸೂಟ್‌ಕೇಸಿತ್ತು. ಅದನ್ನು ಕಾಲ ಬುಡದಲ್ಲಿಟ್ಟುಕೊಂಡು ಹಿಂದಿನ ಸಾಲಿನಲ್ಲಿ ಕೂತಳು.

ಬೊಂಬಾ ಸೂಟ್‌ಕೇಸನ್ನು ನೋಡಿದ. ಕ್ಯಾಮೆರಾ ನೋಡಿದ. ಮತ್ತೆ ಸೂಟ್‌ಕೇಸನ್ನು ನೋಡಿದ. ನನಗೆ ಅವನ ಮೇಲೆ ನಿಜವಾಗಿ ಮರುಕ ಬಂತು. ಆಮೇಲೆ ಎದ್ದು ನಿಂತ.

‘ಅಳೋದು ನಿಲ್ಸಿ’ ಎಂದ. ‘ಅರ್ಸೇನಿಯಾ ಅಂತ ಯಾರೂ ಇರ್ಲಿಲ್ಲ. ನಾನು ಹುಟ್ಟಿಸಿದ್ದು. ಪಂಪಿನ ಹತ್ರ ಕೂತು, ಬೇಜಾರಾಗಿ, ನನ್ನ ತಲೆಯಿಂದ ಹುಟ್ಟಿಸಿದ್ದು.’

ಬೊಂಬಾ ತನ್ನ ಜೀವಮಾನದ ಆಸೆಯನ್ನು ಹೀಗೆ ಎಲ್ಲರೆದುರು ಮುರಿದು ಹಾಕಿದ. ಆಮೇಲೆ ಫೆಫಾ ಮೂಗೊರೆಸಿಕೊಂಡಳು.

‘ನೋಡಿದ್ರಾ ಗಂಡಸು ಅಂದ್ರೆ. ಸತ್ತೋಳ ಮಾನ ಕಾಪಾಡೋಕೆ ಇಲ್ಲವೇ ಇಲ್ಲ ಅಂತಾನೆ.’

‘ಇಲ್ಲ ಕಣೇ ಫೆಫಾ, ನಿಜವಾಗ್ಲೂ ಹುಟ್ಟಿಸಿದ್ದು.’

‘ಮುಚ್ಚು ಬಾಯಿ’ ಎಂದ ಕೊರ್ಬಾತಾ ಎದ್ದು ನಿಂತು. ‘ನಮ್ಮ ಅಜ್ಜನ ತಂಗೀನ ನೀನು ಹುಟ್ಟಿಸ್ದ್ಯಾ? ನಮ್ಮ ಮುತ್ತಜ್ಜಿ ಏನ್ ಮಾಡ್ತಿದ್ಲು ಹಂಗಾದ್ರೆ?’

ಪುರಸಭೆ ಠರಾವು ಪಾಸಾದ ಮೇಲೆ ಒಬ್ಬ ವ್ಯಕ್ತಿಯನ್ನು ಇರಲಿಲ್ಲವೆನ್ನುವ ಅಧಿಕಾರ ನಿವೃತ್ತ ನೌಕರನಿಗಿಲ್ಲ ಎಂದರು ಮೇಯರರು. ಇಬೆಲೀಸ್ ಕ್ಯಾಮೆರಾದವನ ಕೈ ಹಿಡಿದು, ‘ಇದನ್ನ ತಗೊಂಡ್ಯಾ? ಅವನು ಅವಳನ್ನ ನಿರಾಕರಿಸ್ತಾನೆ. ಇದೇ ನಮ್ಮ ಸಿನಿಮಾದ ಕೊನೆ’ ಎಂದು ಪಿಸುಗುಟ್ಟಿದಳು. ನಿಜ ಹೇಳಿದರೆ ಸಿನಿಮಾ ಹೋಗುತ್ತದೆ ಎಂದು ಹೆದರಿದ್ದ ಬೊಂಬಾ, ನಿಜ ಹೇಳಿ ಸಿನಿಮಾವನ್ನು ಇನ್ನಷ್ಟು ಗಟ್ಟಿ ಮಾಡಿದ್ದ. ಹೆಂಡತಿ ನಂಬಿದಳೋ ಇಲ್ಲವೋ ಎಂದು ಅವನು ಹಿಂದಕ್ಕೆ ತಿರುಗಿದ.

ಮೊನ್ಚಾ ನಿಧಾನವಾಗಿ ಮುಂದೆ ಬಂದಳು.

‘ಆ ಅರ್ಸೇನಿಯಾಗೆ ಕಣ್ಣು ಯಾವ ಬಣ್ಣ?’

‘ಸಂಜೆ ಬಿಸಿಲು ಬಿದ್ದ ಜೇನಿನ ಬಣ್ಣ’ ಎಂದ ಬೊಂಬಾ. ಬರೆದದ್ದು ಬಾಯಿಪಾಠವಾಗಿತ್ತು. ‘ಎಡಗಣ್ಣಲ್ಲಿ ಉಪ್ಪಿನ ಹರಳಿನಂಥ ಒಂದು ಚುಕ್ಕೆ. ನಕ್ಕಾಗ ಅದು...’

‘ಸಾಕು. ನನ್ನ ಕಣ್ಣು ಯಾವ ಬಣ್ಣ?’ ಎಂದು ಕೇಳಿ, ಗಳಿಗೆಯೂ ತಡೆಯದೆ ಅವಳು ಎರಡೂ ಕಣ್ಣು ಮುಚ್ಚಿಕೊಂಡಳು.

ಬೊಂಬಾ ಆ ಮುಚ್ಚಿದ ಕಣ್ಣುಗಳನ್ನು ನೋಡಿದ. ನನ್ನನ್ನು ನೋಡಿದ. ನನಗೇನು ಗೊತ್ತು? ‘ಕಂದು’ ಎಂದ ಕೊನೆಗೆ. ‘ಕಪ್ಪು ಇರ್ಬಹುದು. ಕರೆಂಟಿದ್ದಾಗ ನೋಡಿ ಹೇಳ್ಬೇಕು.’

ಎರಡೂ ಕಡೆಯ ಹೆಂಗಸರು ಅರ್ಸೇನಿಯಾಳನ್ನು ಬಿಟ್ಟು ಮೊನ್ಚಾಳಿಗಾಗಿ ನಿಟ್ಟುಸಿರಿಟ್ಟರು. ಬೊಂಬಾನ ಸಂಸಾರ ಮುಗಿಯಿತೆಂದು ನಾನೂ ತಿಳಿದೆ. ಆದರೆ ಮೊನ್ಚಾ ಕಣ್ಣು ತೆರೆದಾಗ ಅವಳ ತುಟಿಯ ಮೂಲೆಯಲ್ಲಿ ನಗು ಇದ್ದದ್ದನ್ನು ಕಂಡೆ. ಅವಳು ಸೀದಾ ಕ್ಯಾಮೆರಾದ ಮುಂದೆ ಹೋಗಿ ನಿಂತಳು.

‘ಇವನು ಸುಳ್ಳು ಹೇಳ್ತಿದಾನೆ. ಅರ್ಸೇನಿಯಾ ಇದ್ಲು’ ಎಂದಳು. ‘ನನ್ನ ಹತ್ರ ಹೊಲಿಗೆಗೆ ಬರ್ತಿದ್ಲು. ಒಂದಿನ ಹೇಳಿದ್ಲು, ಮೊನ್ಚಾ, ನಿಮ್ಮ ಯಜಮಾನ್ರು ದಿನಾ ಒಂದು ಬಕೀಟು ನೀರು ಹೊತ್ಕೊಂಡು ಬಂದು ಬಾಗಿಲಲ್ಲಿ ನಿಂತಿರ್ತಾರೆ, ಗ್ರೀಸ್ ವಾಸನೆ ತಡಿಯಕ್ಕಾಗಲ್ಲ, ಏನ್ ಮಾಡ್ಲಿ ಅಂತ. ನೀರು ಇಟ್ಕೊ, ಅವನನ್ನ ವಾಪಸ್ ಕಳ್ಸು ಅಂದೆ. ಕಳ್ಸಿದ್ಲು. ಪಂಪಿನ ಮನೆ ಕಥೆ ಇಷ್ಟೇ.’

ಬೊಂಬಾ ಬಾಯಿ ತೆರೆದ. ‘ಮೊನ್ಚಾ, ಅವಳು ಹಂಗೆ ಮಾಡೋಳಲ್ಲ. ಅವಳ ಸ್ವಭಾವ ನಂಗೊತ್ತು.’

‘ನಿಂಗೇನು ಗೊತ್ತು? ಇವಾಗ ತಾನೇ ಇರ್ಲಿಲ್ಲ ಅಂದೆ. ಕೂತ್ಕೊ.’

ಬೊಂಬಾ ಕೂತ. ಇಬೆಲೀಸ್ ಕಣ್ಣರಳಿಸಿ, ಪ್ರಿಯಕರರು ಮೂವರೇ ತಾನೇ ಎಂದಳು.

‘ಐದು ಜನ. ಒಬ್ಬನೂ ಈ ಊರೋನಲ್ಲ.’

ಐದೆಂದಾಗ ಪೆಚ್ಚಾದ ಮೇಯರರು, ಊರಿನವರಲ್ಲ ಎಂದಾಗ ಸಮಾಧಾನದಿಂದ ಬೆವರೊರೆಸಿಕೊಂಡರು. ಅಲ್ಲಿ ಅನೇಕ ಗಂಡಸರು ಬೆವರೊರೆಸಿಕೊಂಡರು, ಯಾಕೋ ಗೊತ್ತಿಲ್ಲ.

‘ಸಮುದ್ರಕ್ಕೂ ಬಿದ್ದಿಲ್ಲ’ ಎಂದು ಮೊನ್ಚಾ ಮುಂದುವರಿಸಿದಳು. ಈಗ ಅವಳಿಗೆ ರುಚಿ ಹತ್ತಿತ್ತು. ‘ಆಗರ ನಡೆಸಿದ ಹೆಂಗಸು ಗಂಡಸರಿಗೋಸ್ಕರ ಯಾಕೆ ಬೀಳ್ತಾಳೆ? ಆಗರ ಮಾರಿದ್ಲು, ಹೊಲಿಗೆ ಯಂತ್ರ ತಗೊಂಡು ನ್ಯೂಯಾರ್ಕಿಗೆ ಹೋದ್ಲು.’

‘ಹಂಗಾದ್ರೆ ಬದುಕಿದಾಳಾ?’ ಫೆಫಾ ಜಪಸರವನ್ನು ಬಿಗಿಯಾಗಿ ಹಿಡಿದಳು. ‘ಬದುಕಿರೋಳಿಗೆ ಒಂಬತ್ತು ದಿನ ಮಾಡಿದ್ವಾ?’

ಮೊನ್ಚಾ ಒಂದು ಕ್ಷಣ ಕಷಾಯದ ಹಂಡೆ, ಬಿಸ್ಕತ್ತಿನ ರಾಶಿ ಎರಡನ್ನೂ ನೋಡಿದಳು. ‘ಆಮೇಲೆ ಸತ್ಲು. ಹಿಮ ಬೀಳುವಾಗ. ಪ್ರಾರ್ಥನೆ ಶುರು ಮಾಡಿ, ಕಷಾಯ ಆರತ್ತೆ.’

ಮಾರನೆಯ ಬೆಳಿಗ್ಗೆ ಅವಳು ಅಂಗಡಿಗೆ ಬಂದು ಈರುಳ್ಳಿ ಕೇಳಿದಳು. ಕೈ ತಪ್ಪಿ ಒಂದು ಹೆಚ್ಚೇ ಹಾಕಿದೆ, ಅದೇ ಮೊದಲು ಅದೇ ಕೊನೆ. ಗಂಡನ ಮಾತನ್ನು ಹೇಗೆ ನಂಬಿದಿರಿ ದೊನ್ಯಾ ಮೊನ್ಚಾ ಎಂದೆ.

‘ಮೂವತ್ತು ವರ್ಷ ದಿನಾ ನೋಡಿದ ಕಣ್ಣಿನ ಬಣ್ಣ ಗೊತ್ತಿಲ್ಲ ಅವನಿಗೆ’ ಎಂದಳು ಈರುಳ್ಳಿ ಒತ್ತಿ ನೋಡುತ್ತ. ‘ಅವಳದು ಮಾತ್ರ ಜೇನಂತೆ, ಬಿಸಿಲಂತೆ, ಚುಕ್ಕೆಯಂತೆ. ಇಷ್ಟು ಚೆನ್ನಾಗಿ ಹೇಳ್ತಾನೆ ಅಂದ್ರೆ ಅವನು ನೋಡೇ ಇಲ್ಲ ಅಂತ ಖಾತ್ರಿ ಆಯ್ತು. ಆದ್ರೂ ಆ ಪಂಪಿನ ಮನೆ ಅಧ್ಯಾಯನ ಹಂಗೇ ಬಿಡಕ್ಕಾಗತ್ತಾ?’

ಮರುವರ್ಷ ಸಿನಿಮಾ ತಯಾರಾಯಿತು. ಬಾಸ್ಕೆಟ್‌ಬಾಲ್ ಅಂಕಣದಲ್ಲಿ ದೊಡ್ಡ ಬಿಳಿ ಬಟ್ಟೆ ಕಟ್ಟಿ ಊರಿಗೆಲ್ಲ ತೋರಿಸಿದರು. ಮೇಯರರು ಜನರೇಟರು ತರಿಸಿದ್ದರು. ಬೊಂಬಾ ಮದುವೆಯ ಕೋಟು ಹಾಕಿಕೊಂಡು, ನನ್ನ ಮತ್ತು ಮೊನ್ಚಾಳ ನಡುವೆ ಕೂತಿದ್ದ. ನಾಯಕಿಯಲ್ಲಿ ಅವನು ಬರೆದದ್ದೇನೂ ಉಳಿದಿರಲಿಲ್ಲ, ಕಣ್ಣೂ ಕಪ್ಪಾಗಿತ್ತು. ಅವಳು ಕೋಪ ಬಂದಾಗ ಟವೆಲು ಮಡಿಸಿಡುತ್ತಿದ್ದಳು. ಪಂಪಿನವನಿಗೆ ಇದ್ದದ್ದು ಒಂದೇ ದೃಶ್ಯ. ಬಕೀಟು ಹಿಡಿದು ಬರುತ್ತಾನೆ, ಅವಳು ಮೂಗು ಮುಚ್ಚಿಕೊಳ್ಳುತ್ತಾಳೆ, ಬಕೀಟು ತೆಗೆದುಕೊಂಡು ಬಾಗಿಲು ಹಾಕುತ್ತಾಳೆ. ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಬೊಂಬಾ ಮಾತ್ರ ಕೊನೆಯಲ್ಲಿ ಹಿಮ ಬೀಳುವಾಗ ಬಿಕ್ಕಿ ಬಿಕ್ಕಿ ಅತ್ತ. ಎಷ್ಟೆಂದರೂ ಸಾಕಿದ ಹುಡುಗಿ.

ಮೊನ್ಚಾ ಕರವಸ್ತ್ರ ಕೊಟ್ಟಳು. ‘ಅಳ್ಬೇಡ. ಅವಳಿಗೆ ನಿನ್ನ ಕಂಡ್ರೆ ಆಗ್ತಿರ್ಲಿಲ್ಲ.’

ಆಮೇಲೆ ಪರದೆಯ ಮೇಲೆ ಅಕ್ಷರಗಳು ಬಂದವು. ‘ನಿಜ ಘಟನೆಯನ್ನು ಆಧರಿಸಿದೆ. ಹೇಳಿದವರು: ದೊನ್ಯಾ ಮೊನ್ಚಾ.’ ಅಂಕಣವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು. ಪಾದ್ರಿಯ ಹೆಸರು ಹಾಕಬೇಡ, ಹಾಕಿದರೆ ಯಾರಿಗೆ ತಿಳಿಯುತ್ತದೆ ಎಂದು ಅವಳೇ ಇಬೆಲೀಸಳಿಗೆ ಹೇಳಿದ್ದಳಂತೆ. ಅದು ಮಾಸಿ, ಕೊಟ್ಟ ಮಾತಿನಂತೆ ಪರದೆ ತುಂಬ ಇನ್ನೊಂದು ಸಾಲು ಬಂತು. ‘ಮೂಲ ಕಾದಂಬರಿ: ಎಲಿಹಿಯೊ ರೊಸೆಂದೊ ತಾವಾರೆಸ್.’

ಚಪ್ಪಾಳೆ ನಿಂತಿತು. ಬೊಂಬಾ ಕೋಟಿನ ಗುಂಡಿ ಹಾಕಿಕೊಂಡು ಎದ್ದ.

‘ಏ ಬೊಂಬಾ, ಕೂತ್ಕೊಳೋ, ಕಾಣ್ಸಲ್ಲ’ ಎಂದ ಹಿಂದಿನಿಂದ ಕೊರ್ಬಾತಾ. ‘ಯಾರಪ್ಪ ಇವನು ತಾವಾರೆಸ್ಸು?’

‘ಯಾರೋ ರಾಜಧಾನಿಯೋರು’ ಎಂದರು ಮೇಯರರು. ‘ಇಷ್ಟೆಲ್ಲ ಆದ್ರೂ ಒಂದು ಸಲ ಬಂದು ಮುಖ ತೋರಿಸ್ಲಿಲ್ಲ ನೋಡಿ.’

‘ದೊನ್ಯಾ ಮೊನ್ಚಾ, ನಿಮಗೇನಾದ್ರೂ ಗೊತ್ತಾ?’ ಎಂದ ಕೊರ್ಬಾತಾ.

ಮೊನ್ಚಾ ಗಂಡನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. ‘ಅಂಥ ಮನುಷ್ಯ ಈ ಊರಲ್ಲಿ ಯಾವತ್ತೂ ಇರ್ಲಿಲ್ಲ. ಯಾರೋ ಹುಟ್ಟಿಸಿದ್ದಿರ್ಬೇಕು’ ಎಂದು ಹೇಳಿ, ಅವನ ಕೋಟಿನ ತುದಿ ಹಿಡಿದು ಕೂರಿಸಿಕೊಂಡು, ಅವನ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡಳು.

ಫೆಫಾಗೆ ಮಾತ್ರ ಸಮಾಧಾನವಾಗಲಿಲ್ಲ. ‘ಪಾಪ, ಬರಲಿಲ್ಲ ಅಂದ್ರೆ ಸತ್ತೇ ಹೋಗಿರ್ಬೇಕು. ನಮ್ಮೂರ ಕಥೆ ಬರೆದೋನು, ಕೇಳೋರು ಯಾರೂ ಇಲ್ಲ. ಅವನಿಗೂ ಒಂದು ಒಂಬತ್ತು ದಿನ ಮಾಡಿಬಿಡೋಣ’ ಎಂದಳು. ಎಲ್ಲರೂ ಒಪ್ಪಿದರು. ಕೊರ್ಬಾತಾ ಬಿಸ್ಕತ್ತು ಹೇಳಿದ, ಮೇಯರರು ಅಂಗಳ ಹೇಳಿದರು.

‘ಬೊಂಬಾ, ಕುರ್ಚಿ ಹೊರೋದು ನಿಂದು. ನಾಳೆ ಬೇಗ ಬಾ’ ಎಂದಳು ಫೆಫಾ.

ಬೊಂಬಾ ಪರದೆಯತ್ತ ನೋಡಿದ. ಅಕ್ಷರಗಳು ಹೋಗಿ ಬರೀ ಬಿಳಿ ಬಟ್ಟೆ ಉಳಿದಿತ್ತು.

‘ಎಷ್ಟು ಕುರ್ಚಿ ಬೇಕಾಗತ್ತೆ?’ ಎಂದು ಕೇಳಿದ.